ಯಾವ ಕಂಪನಿ ಚಲೋರಿ, ಸಾಹೇಬ್ರ?

ಇಂಥ ಫಜೀತಿಗಳು ನನಗೇ ಯಾಕೆ ಗಂಟು ಬೀಳುತ್ತವೆ ಎಂದು ಬಹಳ ದಿನ ತಲೆ ಕೆರೆದುಕೊಂಡಿದ್ದೇನೆ. ಕಾರಣ ಹೊಳೆದದ್ದು ನೌಕರಿ ಮುಗಿಯುವ ಹೊತ್ತಿಗೆ. ನಾನು ಮೀಟರ್ ಓದುವವನು. ಊರಿಗೆ ಬರುವ ಟಪಾಲಿನವನು ಹೊಸ್ತಿಲಲ್ಲೇ ನಿಲ್ಲುತ್ತಾನೆ, ಮಾಸ್ತರರು ಪಡಸಾಲೆಯಲ್ಲಿ ಕೂಡುತ್ತಾರೆ. ಆದರೆ ನಮ್ಮ ಕಡೆಯ ಹಳೆ ಮನೆಗಳಲ್ಲಿ ಕರೆಂಟಿನ ಮೀಟರ್ ಇರುತ್ತಿದ್ದದ್ದು ಅಡಿಗೆಮನೆಯ ಬಾಗಿಲ ಮೇಲೆ. ತಿಂಗಳಿಗೊಮ್ಮೆ ಸ್ಟೂಲ್ ಹಾಕಿಸಿಕೊಂಡು ನಾನು ಅಲ್ಲಿ ಹತ್ತಿ ನಿಲ್ಲುತ್ತಿದ್ದೆ. ಒಂದು ಕಣ್ಣು ಮೀಟರಿನ ಮೇಲೆ, ಇನ್ನೊಂದು ಕಣ್ಣು ಕೆಳಗೆ ಒಲೆಯ ಮೇಲೆ ಇರುತ್ತಿತ್ತು.

ಹೀಗಾಗಿ ಯಾರ ಮನೆಯಲ್ಲಿ ಯಾವ ಫ್ಯಾನು, ಯಾವ ಕುಕ್ಕರು, ಯಾವ ಇಸ್ತ್ರಿಪೆಟ್ಟಿಗೆ ಇದೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಎಪ್ಪತ್ತರ ದಶಕದ ಕೊನೆಗೆ ಆಳಂದ, ಆಮೇಲೆ ಅಫಜಲಪುರ, ತೊಂಬತ್ತರ ದಶಕದಲ್ಲಿ ಜೇವರ್ಗಿ. ಮೂರೂ ಊರಿನಲ್ಲಿ ಜನ ನನ್ನನ್ನು ತಡೆದು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಯಾವ ಕಂಪನಿ ಚಲೋರಿ, ಸಾಹೇಬ್ರ?" ನನ್ನ ನಿಜವಾದ ಹೆಸರು ಮರೆತು ಎಲ್ಲರೂ ನನ್ನನ್ನು ಕಂಪನಿ ಸಾಹೇಬ್ರು ಎಂದೇ ಕರೆಯತೊಡಗಿದರು. ನನಗೂ ಆ ಹೆಸರು ಹಿತವಾಗಿತ್ತು, ಸುಳ್ಳು ಹೇಳಬಾರದು.

ಆ ಪ್ರಶ್ನೆಯನ್ನು ಮೊಟ್ಟಮೊದಲು ಕೇಳಿದವಳು ನನ್ನ ಹೆಂಡತಿ. ಮದುವೆಯಾಗಿ ಬಂದ ವರ್ಷವೇ ಒಂದು ಮಿಕ್ಸರ್ ಬೇಕೆಂದಳು. ಒಳಕಲ್ಲಿನಲ್ಲಿ ಖಾರ ಅರೆದು, ಶೇಂಗಾ ಕುಟ್ಟಿ ಅವಳ ಬಲಗೈ ಮಣಿಕಟ್ಟು ಬಾತುಕೊಳ್ಳುತ್ತಿತ್ತು. ನಾನು ಭರೋಸದ ಕಂಪನಿ ಯಾವುದೆಂದು ನೋಡಿ ತರುತ್ತೇನೆ ಎಂದೆ. ನೋಡುವುದಕ್ಕೆ ಇಪ್ಪತ್ತು ವರ್ಷ ಹಿಡಿಯುತ್ತದೆ ಎಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

೧. ಸಾವುಕಾರರ ಫ್ಯಾನು

ಆಳಂದದಲ್ಲಿ ನನಗೆ ಈ ಕೀರ್ತಿ ಬಂದದ್ದು ಒಂದು ಟೇಬಲ್ ಫ್ಯಾನಿನಿಂದ. ಬಜಾರದ ಒಬ್ಬ ಸಾವುಕಾರರ ಮನೆಯಲ್ಲಿ ಅದು ಇತ್ತು. ಎಲ್ಲರಿಗಿಂತ ಮೊದಲು ಫ್ಯಾನು ತಂದ ಮನೆ ಅದು. ಆದರೆ ತಿಂಗಳು ತಿಂಗಳು ನೋಡಿದರೂ ಮೀಟರು ಅಲುಗಾಡುತ್ತಿರಲಿಲ್ಲ. ಸುಡು ಬೇಸಿಗೆಯಲ್ಲೂ ಎರಡು ಬಲ್ಬಿಗೆ ಆಗುವಷ್ಟೇ ಯೂನಿಟ್ಟು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಕರೆಂಟು ಕುಡಿಯುವುದಿಲ್ಲ, ರಿಪೇರಿಗೆ ಹೋದದ್ದೂ ಕಾಣೆ. ಹಾಗಾದರೆ ಇದಕ್ಕಿಂತ ಭರೋಸದ ಕಂಪನಿ ಇನ್ನೊಂದಿಲ್ಲ.

ಸಾಲೆಯ ಹೆಡ್‌ಮಾಸ್ತರರು ಕೇಳಿದಾಗ ನಾನು ಅದೇ ಕಂಪನಿಯ ಹೆಸರು ಹೇಳಿದೆ. ಅವರು ತಂದರು. ಅವರದನ್ನು ನೋಡಿ ಎದುರು ಮನೆಯವರು ತಂದರು. ಬೇಸಿಗೆ ಮುಗಿಯುವುದರೊಳಗೆ ಒಂದೇ ಓಣಿಯಲ್ಲಿ ಅದೇ ಕಂಪನಿಯ ಎಂಟು ಫ್ಯಾನುಗಳು ಕುತ್ತಿಗೆ ಹೊರಳಿಸತೊಡಗಿದವು. ಬಜಾರದ ಅಂಗಡಿಯವರಂತೂ ಗಿರಾಕಿಗಳಿಗೆ ಇದು ಕಂಪನಿ ಸಾಹೇಬರು ಒಪ್ಪಿದ ಮಾಲು ಎಂದು ಹೇಳಲು ಸುರು ಮಾಡಿದರು.

ಮುಂದಿನ ತಿಂಗಳು ತಕರಾರು ಬಂತು. ಸಾವುಕಾರರ ಫ್ಯಾನು ಕರೆಂಟು ತಿನ್ನುವುದಿಲ್ಲ, ನಮ್ಮದು ಯಾಕೆ ಇಷ್ಟು ತಿನ್ನುತ್ತದೆ ಎಂದು ಹೆಡ್‌ಮಾಸ್ತರರು ನನ್ನನ್ನು ನಿಲ್ಲಿಸಿ ಕೇಳಿದರು. ಗೊತ್ತಿಲ್ಲ ಎನ್ನುವುದು ನನ್ನ ಪದವಿಗೆ ಶೋಭಿಸುತ್ತಿರಲಿಲ್ಲ. ಹೊಸ ಮಷಿನ್ನು, ಬೇರಿಂಗು ಬಿಡಬೇಕು, ಎರಡು ವರ್ಷ ತಾಳಿಕೊಳ್ಳಿ ಎಂದೆ. ಅವರು ವಿಜ್ಞಾನದ ಮಾಸ್ತರರಾಗಿದ್ದರೂ ತಾಳಿಕೊಂಡರು.

ನಿಜ ಹೊರಬಿದ್ದದ್ದು ಮುಂದಿನ ಬೇಸಿಗೆಯಲ್ಲಿ. ಮೀಟರ್ ನೋಡಲು ಹೋದಾಗ ಸಾವುಕಾರರ ತಾಯಿ ಪಡಸಾಲೆಯಲ್ಲಿ ಬೀಸಣಿಕೆ ಹಿಡಿದು ಬೀಸಿಕೊಳ್ಳುತ್ತ ಕೂತಿದ್ದರು. ಪಕ್ಕದಲ್ಲೇ ಫ್ಯಾನು. ಅದರ ಮೇಲೆ ಗಿಣಿ ಹೆಣೆದ ಕಸೂತಿಯ ಬಟ್ಟೆ ಹೊದಿಸಿ, ನೆತ್ತಿಯ ಮೇಲೆ ಕುಂಕುಮ ಇಟ್ಟಿದ್ದರು. ಬಟ್ಟೆ ಸರಿಸಿ ನೋಡಿದೆ. ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು.

"ಐದು ವರ್ಷ ಆತು ನೋಡು ತಂದು. ಇವತ್ತಿಗೂ ಹೊಸಾದ್ರ ಹಂಗ ಅದ," ಎಂದರು ಆ ಆಯಿ ಅಭಿಮಾನದಿಂದ.

ಇಷ್ಟು ಸೆಕೆಯಲ್ಲೂ ಯಾಕೆ ಹಚ್ಚಿಲ್ಲ ಎಂದು ಕೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿದರು.

"ಹಚ್ಚಿದ್ರ ಹೊಸಾದು ಹ್ಯಾಂಗ ಉಳೀತದೋ ತಮ್ಮಾ?"

೨. ತಾ: ಆಳಂದ

ಮದುವೆಯಲ್ಲಿ ಆಯೇರಿ ಮಾಡುವವರು ಕೊಡುವ ಸಾಮಾನಿನ ಮೇಲೆ ಹೆಸರು ಹೊಡೆಸುವುದು ನಮ್ಮಲ್ಲಿ ಕಾನೂನಿಗಿಂತ ದೊಡ್ಡದು. ಚಮಚೆಯಾದರೂ ಸರಿ, ಹಂಡೆಯಾದರೂ ಸರಿ, ಎರಡು ಹೆಸರು ಬೇಕು. ಕೊಟ್ಟವರ ಹೆಸರು ಊರಿಗೆ ತೋರಿಸಲಿಕ್ಕೆ. ತಗೊಂಡವರ ಹೆಸರು ಮನೆಯೊಳಗೆ ಜಗಳ ಆಗದಿರಲಿಕ್ಕೆ. ನಾಳೆ ಅಣ್ಣತಮ್ಮಂದಿರು ಬೇರೆಯಾದರೂ ಯಾರಿಗೆ ಎಂದು ಹೆಸರಿದೆಯೋ ಆ ಸಾಮಾನು ಅವರದೇ. ಬೇರೆಯವರು ಅದಕ್ಕೆ ಕೈ ಹಚ್ಚುವಂತಿಲ್ಲ.

ಕಿಣ್ಣಿ ಸುಲ್ತಾನದ ಒಬ್ಬ ರೈತರು ತಂಗಿಯ ಮಗಳ ಮದುವೆಗೆ ಕುಕ್ಕರ್ ಕೊಡಬೇಕೆಂದು ನನ್ನ ಹತ್ತಿರ ಬಂದರು. ನಾನು ವಿಚಾರ ಮಾಡಿ ಒಂದು ಕಂಪನಿಯ ಹೆಸರು ಹೇಳಿದೆ. ಅವರು ತಂದು, ಬಾಂಡೆ ಅಂಗಡಿಯ ಕಟ್ಟೆಯ ಮೇಲೆ ಕೂತು ಹೆಸರು ಹೊಡೆಯುವ ಚಾಚಾನ ಮುಂದೆ ಇಟ್ಟರು. ತಳದ ಮೇಲೆ ಹೊಡೆಯುತ್ತೇನೆ ಎಂದು ಚಾಚಾ ಹೇಳಿದ. ತಳ ಯಾರು ನೋಡುತ್ತಾರೆ, ಮುಚ್ಚಳದ ಮೇಲೆ ಹೊಡಿ ಎಂದರು ಇವರು. ಹುಡುಗಿಯ ಹೆಸರು, ಸೋದರಮಾವ ಎಂಬ ಸಂಬಂಧ, ತಮ್ಮ ಹೆಸರು, ತಂದೆಯ ಹೆಸರು, ಊರು ಎಲ್ಲ ಬಂದ ಮೇಲೆ ಜಾಗ ಮುಗಿಯಿತು. ತಾಲ್ಲೂಕು ಬಿಟ್ಟುಬಿಡೋಣ ಎಂದ ಚಾಚಾ.

"ತಾಲ್ಲೂಕಿಲ್ಲದ ಊರು ಯಾವದದ ಚಾಚಾ? ಹೊಡಿ ನೀ."

ಚಾಚಾ ಹೊಡೆದ. "ತಾ: ಆಳಂದ" ಎಂಬ ಕೊನೆಯ ಸಾಲು ಮುಚ್ಚಳದ ಅಂಚಿನ ಮೇಲೆ, ರಬ್ಬರು ಕೂಡುವ ಜಾಗದಲ್ಲಿ ಬಂತು. ಉಳಿಯ ಏಟಿಗೆ ಅಂಚು ಅಲ್ಲಲ್ಲಿ ತಗ್ಗಾಯಿತು.

ಆ ಹುಡುಗಿ ಆಳಂದದ ಮನೆಗೇ ಸೊಸೆಯಾಗಿ ಬಂದಳು. ತಿಂಗಳೊಳಗೆ ಅವಳ ಅತ್ತೆ ನನ್ನನ್ನು ಸ್ಟೂಲಿನ ಮೇಲಿಂದ ಇಳಿಸಿ ಒಲೆಯ ಮುಂದೆ ನಿಲ್ಲಿಸಿದರು. ಕುಕ್ಕರ್ ಒಲೆಯ ಮೇಲಿತ್ತು. ಸೀಟಿ ಸುಮ್ಮನೆ ಕೂತಿತ್ತು, ಹಬೆಯೆಲ್ಲ ಆಳಂದ ತಾಲ್ಲೂಕಿನಿಂದ ಬುಸ್ ಎಂದು ಹೊರಗೆ ಬರುತ್ತಿತ್ತು. ತೊಗರಿಬೇಳೆ ಒಂದು ತಾಸು ಕುದಿಸಿದರೂ ಕಾಳು ಕಾಳೇ. ನಾವು ತೊಗರಿ ಬೆಳೆಯುವ ಮಂದಿ, ಬೇಳೆ ಬೇಯದಿದ್ದರೆ ಅದು ಮನೆತನದ ಮರ್ಯಾದೆಯ ಪ್ರಶ್ನೆ. ಹುಡುಗಿ ಮೂಲೆಯಲ್ಲಿ ಕಣ್ಣೀರು ಹಾಕುತ್ತ ನಿಂತಿದ್ದಳು.

ಕಂಪನಿಯದೇನೂ ತಪ್ಪಿಲ್ಲ, ಹೊಸ ಮುಚ್ಚಳ ತರಿಸಿದರೆ ಆಯಿತು ಎಂದೆ. ಅತ್ತೆ ಹೌಹಾರಿದರು. ಮುಚ್ಚಳ ಹೋದರೆ ಹೆಸರು ಹೋದ ಹಾಗೆ, ಬೀಗರು ಏನಂದಾರು ಎಂದರು. ನೋಡಲಿಕ್ಕೆ ಗಟ್ಟಿ ಹೆಂಗಸು, ಆದರೆ ಸೊಸೆಯ ತವರಿನ ಮರ್ಯಾದೆ ಕಾಪಾಡಲು ಅವರೇ ದಾರಿ ಹುಡುಕಿದರು. ಬೇಳೆಯನ್ನು ಗಡಿಗೆಯಲ್ಲಿ ಬೇಯಿಸಿ, ಸೋದರಮಾವ ಬಂದ ದಿನ ಅದನ್ನು ಕುಕ್ಕರಿಗೆ ಸುರಿದು ಪಂಕ್ತಿಗೆ ತರುವುದು.

ಹಾಗೆ ತಂದ ಒಂದು ದಿನ ನಾನೂ ಊಟಕ್ಕಿದ್ದೆ. ಸೋದರಮಾವ ಬೇಳೆಯನ್ನು ಬೆರಳಲ್ಲಿ ಹಿಚುಕಿ ನೋಡಿ ಸಂತೋಷದಿಂದ ಮೀಸೆ ತಿರುವಿದರು. ಬೆಣ್ಣೆಯಂತೆ ಬೆಂದಿತ್ತು. ಇನ್ನೂ ಇಬ್ಬರು ತಂಗಿಯರ ಹೆಣ್ಣುಮಕ್ಕಳ ಮದುವೆಗೂ ಇದೇ ಕಂಪನಿಯ ಕುಕ್ಕರನ್ನೇ ಕೊಡುತ್ತೇನೆ ಎಂದು ಅಲ್ಲೇ ಮಾತು ಕೊಟ್ಟರು. ಆಮೇಲೆ ಕೈ ತೊಳೆಯುತ್ತ ನನ್ನ ಕಡೆ ಬಾಗಿ ಹೇಳಿದರು:

"ಈ ಸಲ ಜಿಲ್ಲಾನೂ ಹಾಕಸ್ತೇನ್ರಿ, ಸಾಹೇಬ್ರ."

೩. ಐದು ಜಾರು, ಒಂದು ಮೋಟರು

ಅಫಜಲಪುರಕ್ಕೆ ವರ್ಗವಾಗಿ ಹೋದಾಗ ನನ್ನ ಹೆಂಡತಿ ಗಾಡಿಯಲ್ಲಿ ಮೊದಲು ಏರಿಸಿದ್ದು ಒಳಕಲ್ಲನ್ನೇ. ಹೊಸ ಊರಿನಲ್ಲಾದರೂ ಮಿಕ್ಸರ್ ಬರುತ್ತದೇನೋ ಎಂದು ದಾರಿಯಲ್ಲಿ ಕೇಳಿದಳು. ಒಂದು ಕಂಪನಿಯ ಬ್ಲೇಡು ಸರಿಯಿಲ್ಲ, ಇನ್ನೊಂದರ ವೈಂಡಿಂಗ್ ಸರಿಯಿಲ್ಲ, ಮೂರನೆಯದಕ್ಕೆ ಬಿಡಿಭಾಗ ಸಿಗುವುದಿಲ್ಲ ಎಂದು ವಿವರಿಸಿದೆ. ಅವಳು ಮಣಿಕಟ್ಟಿಗೆ ಅರಿಶಿಣದ ಬಟ್ಟೆ ಕಟ್ಟಿಕೊಂಡು ಹೊರಗೆ ನೋಡುತ್ತ ಕೂತಳು.

ನಮ್ಮ ಓಣಿಯಲ್ಲಿ ಒಬ್ಬ ಟೇಲರ್ ಮಾಸ್ತರರ ಮನೆಯಿತ್ತು. ಅವರ ಹೆಂಡತಿಯನ್ನು ಎಲ್ಲರೂ ಆಪಾ ಎಂದೇ ಕರೆಯುತ್ತಿದ್ದರು. ಓಣಿಗೆ ಮೊದಲ ಮಿಕ್ಸರ್ ಬಂದದ್ದು ಅವರ ಮನೆಗೆ. ನನ್ನ ಮಾತು ಕೇಳದೆ ತಂದದ್ದರಿಂದ ನನಗೆ ಅದರ ಮೇಲೆ ಸ್ವಲ್ಪ ಸಿಟ್ಟಿತ್ತು. ಆಪಾ ದೊಡ್ಡ ಮನಸ್ಸಿನ ಹೆಂಗಸು. ಯಾರು ಬೇಕಾದರೂ ಬಂದು ರುಬ್ಬಿಕೊಂಡು ಹೋಗಿ ಎಂದರು. ಆದರೆ ಉಳಿದವೆಲ್ಲ ಲಿಂಗಾಯತರ ಮನೆಗಳು. ಮಟನ್ನಿನ ಮಸಾಲೆ ತಿರುಗಿದ ಜಾರಿನಲ್ಲಿ ಇವರು ತಮ್ಮ ಚಟ್ನಿ ತಿರುಗಿಸುವುದು ಹೇಗೆ? ಬಾಯಿಬಿಟ್ಟು ಹೇಳಲು ದಾಕ್ಷಿಣ್ಯ, ಬಿಡಲು ಮನಸ್ಸಿಲ್ಲ.

ದಾರಿ ತೋರಿಸಿದವರೂ ಆಪಾನೇ. "ಮೋಟರಿಗಿ ಏನ್ ಮಡಿ ಅದರಿ ಅಕ್ಕಾರ? ಜಾರು ನಿಮ್ದು ನೀವು ತಗೊಂಡು ಬರ್ರಿ" ಎಂದರು.

ಐದು ಮನೆಯವರು ಕಲಬುರ್ಗಿಯಿಂದ ಬರೀ ಜಾರು ತರಿಸಿದರು. ಐದನೆಯದು ನಮ್ಮದು. ನನ್ನ ಹೆಂಡತಿ ಅದನ್ನು ನನಗೆ ಕೇಳದೆ ತರಿಸಿದ್ದಳು. ಎಲ್ಲರೂ ಜಾರಿನ ಮೇಲೆ ಹೆಸರು ಹೊಡೆಸಿದ್ದೂ ಆಯಿತು. ಸಂಜೆಯಾದರೆ ಸೆರಗಿನಲ್ಲಿ ಜಾರು ಮುಚ್ಚಿಕೊಂಡು ಹೆಂಗಸರು ಆಪಾನ ಮನೆಗೆ ಹೋಗುವರು. ಬೀಗರು ಬಂದರೆ ಜಾರನ್ನು ಕಾಣುವ ಹಾಗೆ ಗೋಡೆಯ ಮಾಡದಲ್ಲಿ ಇಟ್ಟು, ನಮ್ಮ ಮನೆಯಲ್ಲಿ ಇಂಥ ಕಂಪನಿಯ ಮಿಕ್ಸರ್ ಇದೆ ಎನ್ನುವರು. ಮೋಟರೆಲ್ಲಿ ಎಂದು ಕೇಳುವಷ್ಟು ಬೀಗರಿಗೂ ತಿಳಿದಿರಲಿಲ್ಲ.

ನಾಗರ ಪಂಚಮಿ ಬಂತು. ಪಂಚಮಿಯೆಂದರೆ ಶೇಂಗಾದ ಉಂಡಿ, ಎಳ್ಳಿನ ಉಂಡಿ, ಬೇಸನ್ ಉಂಡಿ. ಬೆಳಗಿನಿಂದ ಐದೂ ಜಾರುಗಳು ಪಾಳಿ ಹಚ್ಚಿದವು. ಮೋಟರಿಗೆ ಉಸಿರು ಬಿಡಲು ಪುರುಸೊತ್ತು ಕೊಡಲಿಲ್ಲ. ನಾಲ್ಕನೆಯ ಮನೆಯ ಎಳ್ಳು ತಿರುಗುವಾಗ ಸುಟ್ಟ ವಾಸನೆ ಬಂತು. ಹುರಿದ ಎಳ್ಳಿನ ವಾಸನೆ ಎಂದು ಎಲ್ಲರೂ ತಿಳಿದರು. ಐದನೆಯ ಪಾಳಿ ನನ್ನ ಹೆಂಡತಿಯದು. ಅವಳು ಜಾರು ಕೂಡಿಸಿ ಬಟನ್ ಒತ್ತಿದಳು. ಮೋಟರು ಒಂದು ಸಲ ಹೂಂ ಎಂದು ಸುಮ್ಮನಾಯಿತು. ಆ ಪಂಚಮಿಯ ಉಂಡಿಗೂ ಅವಳು ಒಳಕಲ್ಲೇ ಹಿಡಿದಳು.

ಮರುದಿನ ಎಲ್ಲರೂ ಸೇರಿ ನನ್ನನ್ನು ಪಂಚಾಯ್ತಿಗೆ ಕರೆದರು. ಈ ಕಂಪನಿ ಭರೋಸದ್ದೋ ಅಲ್ಲವೋ ಹೇಳಬೇಕು. ಆಪಾ ಅಲ್ಲ ಎಂದರು. ಉಳಿದ ಐವರೂ ತಮ್ಮ ತಮ್ಮ ಜಾರು ತಂದು ಮುಂದೆ ಇಟ್ಟರು. ಒಂದೂ ಒಡೆದಿರಲಿಲ್ಲ, ಬ್ಲೇಡು ಬಿಟ್ಟಿರಲಿಲ್ಲ, ಮುಚ್ಚಳ ಸಡಿಲಾಗಿರಲಿಲ್ಲ. "ನಮ್ಮದೇನೂ ತಕರಾರಿಲ್ರಿ. ಕಂಪನಿ ಭಾಳ ಚಲೋ ಅದ" ಎಂದು ಒಬ್ಬರು ಹೇಳಿದರು. ಉಳಿದವರು ತಲೆಯಾಡಿಸಿದರು, ನನ್ನ ಹೆಂಡತಿಯೂ ಆಡಿಸಿದಳು. ನಾನು ನ್ಯಾಯ ಬಿಟ್ಟು ಮಾತಾಡುವವನಲ್ಲ.

ಒಬ್ಬರ ವಿರುದ್ಧ ಐವರ ಮತದಂತೆ ಕಂಪನಿ ಚಲೋ ಎಂದು ತೀರ್ಪಾಯಿತು.

ಟೇಲರ್ ಮಾಸ್ತರರು ಆಮೇಲೆ ಬೇರೆ ಕಂಪನಿಯ ಮಿಕ್ಸರ್ ತಂದರು, ಅದಕ್ಕೆ ಈ ಐದು ಜಾರು ಕೂಡಲಿಲ್ಲ. ಒಬ್ಬರ ಮನೆಯಲ್ಲಿ ಜಾರು ಉಪ್ಪಿಗೆ ಹೋಯಿತು, ಒಬ್ಬರ ಮನೆಯಲ್ಲಿ ಅಜವಾನಕ್ಕೆ. ನನ್ನ ಹೆಂಡತಿ ಮಾತ್ರ ಅದರಲ್ಲಿ ಏನೂ ಹಾಕಲಿಲ್ಲ. ವಾರಕ್ಕೊಮ್ಮೆ ತೊಳೆದು, ಒರೆಸಿ, ಮಾಡದಲ್ಲಿ ಇಡುತ್ತಿದ್ದಳು. ಅದನ್ನು ನೋಡಿದರೆ ನನಗೆ ಒಳಗೊಳಗೇ ಚುಚ್ಚುತ್ತಿತ್ತು. ಆದರೆ ಭರೋಸದ ಕಂಪನಿ ಇನ್ನೂ ಸಿಕ್ಕಿರಲಿಲ್ಲವಲ್ಲ.

೪. ಸಪ್ಪಳ

ಜೇವರ್ಗಿಯಲ್ಲಿ ನಮ್ಮ ಪಕ್ಕದ ಮನೆಯ ಹೆಣ್ಣುಮಗಳ ತಂದೆ ಭೂಸನೂರಿನ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಮಷಿನ್ನಿನ ಪಕ್ಕ ವರ್ಷಗಟ್ಟಲೆ ದುಡಿದವರು. ಮಗಳ ಮನೆಗೆ ಒಂದು ಕೂಲರ್ ಕೊಡಿಸಬೇಕೆಂದು ಬಂದರು. ನಾನು ಅವರ ಜೊತೆ ಅಂಗಡಿಗೆ ಹೋಗಿ, ಎಲ್ಲ ತಿರುಗಿಸಿ ನೋಡಿ, ಉಸಿರಾಡಿದಷ್ಟೂ ಸಪ್ಪಳ ಮಾಡದ ಒಂದು ಕೂಲರನ್ನು ಆರಿಸಿದೆ. ಜೇವರ್ಗಿಯ ಬಿಸಿಲಿಗೆ ಅದರ ಗಾಳಿ ಅಮೃತದಂತಿತ್ತು.

ಮೂರನೆಯ ದಿನ ಅವರು ಅದನ್ನು ಬಂಡಿಗೆ ಏರಿಸಿ ವಾಪಸು ಒಯ್ಯುತ್ತಿದ್ದರು. ಏನು ಕೆಟ್ಟಿತು ಎಂದು ಓಡಿ ಹೋಗಿ ಕೇಳಿದೆ. ಕೆಟ್ಟಿಲ್ಲ, ಆದರೆ ಮಷಿನ್ನು ದುಡಿಯುತ್ತಿದೆ ಎಂದು ತಿಳಿಯುವುದು ಹೇಗೆ ಎಂದರು. ರಾತ್ರಿ ಎರಡೆರಡು ಸಲ ಎದ್ದು ಮುಟ್ಟಿ ನೋಡಬೇಕಂತೆ. ಗಾಳಿ ತಣ್ಣಗೆ ಬರುವುದಿಲ್ಲವೇ ಎಂದೆ. ಗಾಳಿ ಬರುತ್ತದೆ, ನಿದ್ದೆ ಬರುವುದಿಲ್ಲ ಎಂದರು.

ಬದಲಿಗೆ ತಂದ ಕೂಲರಿನ ಸಪ್ಪಳಕ್ಕೆ ನಮ್ಮ ಮನೆಯ ಪಾತ್ರೆಗಳು ಅಲುಗುತ್ತಿದ್ದವು. ಅವರು ಬೆಳಗಿನವರೆಗೆ ಮಗುವಿನಂತೆ ಮಲಗಿ ಎದ್ದು, ಅಂಗಳದಲ್ಲಿ ನಿಂತು ನನಗೆ ಬುದ್ಧಿ ಹೇಳಿದರು.

"ದುಡಿಯಾಂವ ಸುಮ್ಮ ದುಡಿಯಂಗಿಲ್ರಿ ಸಾಹೇಬ್ರ. ಸುಮ್ಮ ಇದ್ದಾಂವ ದುಡಿಯಾಕತ್ತಿಲ್ಲಂತ ತಿಳೀರಿ."

ಈ ಮಾತನ್ನು ಮನೆಯಲ್ಲಿ ಹೇಳಿ ನಕ್ಕೆ. ನನ್ನ ಹೆಂಡತಿ ಒಳಕಲ್ಲಿನ ಮುಂದೆ ಇದ್ದಳು. ಇಪ್ಪತ್ತು ವರ್ಷ ತಾನು ಸುಮ್ಮನೆ ದುಡಿದದ್ದು ತಪ್ಪಾಯಿತು ಎಂದಳು. ನನ್ನ ನಗು ಅಲ್ಲಿಗೇ ನಿಂತಿತು.

೫. ಇಜೇರಿಯವರ ಉಪಕಾರ

ಇಷ್ಟು ಹೇಳಿದ ಮೇಲೆ ಇದನ್ನು ಹೇಳದೆ ಬಿಟ್ಟರೆ ಮನೆಯಲ್ಲಿ ಊಟ ಸಿಗುವುದಿಲ್ಲ.

ಇಜೇರಿಯಿಂದ ಒಬ್ಬ ಗೌಡರು ಹೆಂಡತಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಮಗಳ ಮದುವೆ ಗೊತ್ತಾಗಿತ್ತು. ಹುಡುಗಿ ಬೇರೇನೂ ಕೇಳಿರಲಿಲ್ಲ, ಒಂದು ಮಿಕ್ಸರ್ ಮಾತ್ರ ಕೇಳಿದ್ದಳು. ಹೋಗುವ ಮನೆಯಲ್ಲಿ ಇಪ್ಪತ್ತು ಮಂದಿಯ ಅಡಿಗೆಯಂತೆ. ಭರೋಸದ ಕಂಪನಿ ಯಾವುದೆಂದು ನಾನೇ ಹೇಳಬೇಕು. ನನಗೆ ಹುರುಪು ಬಂತು. ಪಡಸಾಲೆಯಲ್ಲಿ ಗೌಡರನ್ನು ಕೂಡಿಸಿಕೊಂಡು ತಾಮ್ರದ ತಂತಿ, ಬುಶ್ಶು, ಬ್ಲೇಡಿನ ಮೊನೆ, ಒಂದೊಂದು ಕಂಪನಿಯ ಒಂದೊಂದು ಐಬು, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದೆ. ಗೌಡರು ಹೂಂಗುಟ್ಟುತ್ತಿದ್ದರು. ಕಣ್ಣು ಆಗಾಗ ಮುಚ್ಚುತ್ತಿದ್ದವು.

ಅಷ್ಟರಲ್ಲಿ ಗೌಡ್ತಿ ನೀರು ಕುಡಿಯಲು ಒಳಗೆ ಹೋದರು. ಅಲ್ಲಿ ಏನಾಯಿತೆಂದು ನನಗೆ ಆಮೇಲೆ ತಿಳಿದದ್ದು. ಅವರು ಅಡಿಗೆಮನೆಯ ಸುತ್ತ ಕಣ್ಣಾಡಿಸಿ ನನ್ನ ಹೆಂಡತಿಯನ್ನು ಕೇಳಿದರಂತೆ, ಸಾವಿರ ಮನೆ ನೋಡಿದ ಸಾಹೇಬರ ಸ್ವಂತ ಮನೆಯಲ್ಲಿ ಯಾವ ಕಂಪನಿ ಇದೆ ಎಂದು. ಅದೇ ಹೊತ್ತಿಗೆ ಪಡಸಾಲೆಯಿಂದ ನನ್ನ ಭಾಷಣ ಕೇಳುತ್ತಿತ್ತು. ಇಪ್ಪತ್ತು ವರ್ಷದಿಂದ ಕೇಳಿದ ಅದೇ ಭಾಷಣ. ಹೆಂಡತಿಗೆ ಎಲ್ಲಿಲ್ಲದ ಸಿಟ್ಟು ಬಂತು. ಒಳಕಲ್ಲಿನ ಕಡೆ ಕೈ ತೋರಿಸಿ ಅಂದಳು:

"ನಮ್ಮಲ್ಲಿ ಇದೇ ಕಂಪನಿ ನೋಡ್ರಿ. ಇಪ್ಪತ್ತು ವರ್ಷ ಆತು, ಒಂದಿನಾನೂ ಕೆಟ್ಟಿಲ್ಲ. ಕರೆಂಟೂ ಬೇಕಾಗಿಲ್ಲ."

ಸಿಟ್ಟಿನ ಮಾತನ್ನು ಸಿಟ್ಟಿನ ಮಾತೆಂದು ತಿಳಿಯಲು ಗೌಡ್ತಿಗೆ ನಮ್ಮ ಮನೆಯ ಇತಿಹಾಸ ಗೊತ್ತಿರಬೇಕಲ್ಲ? ಅವರು ಹೊರಗೆ ಬಂದು ಗಂಡನ ಕಿವಿಯಲ್ಲಿ ಏನೋ ಅಂದರು. ಗೌಡರಿಗೆ ಪಟ್ಟನೆ ಎಚ್ಚರವಾಯಿತು. ಎಲ್ಲ ತಿಳಿಯಿತು, ದೊಡ್ಡ ಉಪಕಾರವಾಯಿತು ಎಂದು ಕೈಮುಗಿದು ಎದ್ದೇಬಿಟ್ಟರು. ನನ್ನ ಭಾಷಣ ಇಷ್ಟು ಬೇಗ ನಾಟಿದ್ದು ಅದೇ ಮೊದಲು.

ಮದುವೆಗೆ ನಮ್ಮಿಬ್ಬರಿಗೂ ಮುಂದಿನ ಸಾಲಿನಲ್ಲಿ ಕುರ್ಚಿ. ಆಯೇರಿ ಸುರುವಾಯಿತು. ಮೈಕಿನಲ್ಲಿ ಒಬ್ಬರು ಒಂದೊಂದೇ ಕೂಗುತ್ತಿದ್ದರು. ಹುಡುಗಿಯ ತಂದೆತಾಯಿಯ ಪಾಳಿ ಬಂದಾಗ ನಾಲ್ಕು ಮಂದಿ ಏನನ್ನೋ ಹೊತ್ತು ತಂದು ಚಪ್ಪರದ ನಡುವೆ ಇಳಿಸಿದರು. ಮೈಕಿನವರು ಬಗ್ಗಿ ನೋಡಿ, ಇನ್ನೊಂದು ಸಲ ಬಗ್ಗಿ ನೋಡಿ, ಕೂಗಿದರು: "ಹೆಣ್ಣಿನ ತಂದಿತಾಯಿಯಿಂದ, ಕಂಪನಿ ಸಾಹೇಬ್ರ ಸಲಹಾದ ಪ್ರಕಾರ, ಒಳಕಲ್ಲು ಒಂದು."

ಮಂದಿ ಚಪ್ಪಾಳೆ ತಟ್ಟಿದರು. ಮದುಮಗಳು ಕಲ್ಲನ್ನು ನೋಡಿದಳು, ಆಮೇಲೆ ತನ್ನ ಮೆಹಂದಿ ಹಚ್ಚಿದ ಕೈ ನೋಡಿಕೊಂಡಳು, ಆಮೇಲೆ ನಮ್ಮನ್ನು ನೋಡಿದಳು. ನಾನು ಕುರ್ಚಿಯ ಕೆಳಗೆ ಚಪ್ಪಲಿ ಹುಡುಕತೊಡಗಿದೆ. ನನ್ನ ಹೆಂಡತಿ ಊಟ ಮಾಡದೆ ಬಂದಳು. ಗಂಡನ ಮೇಲಿನ ಸಿಟ್ಟಿಗೆ ಆ ಕೂಸಿನ ಕೈ ಸುಟ್ಟೆ ಎಂದು ಮನೆಗೆ ಬಂದ ಮೇಲೆ ಅತ್ತಳು. ನನಗೆ ಯಾವ ಕಂಪನಿಯ ಹೆಸರೂ ಬಾಯಿಗೆ ಬರಲಿಲ್ಲ.

ಮರುದಿನ ನಾನು ಕೆಲಸಕ್ಕೆ ಹೋದ ಮೇಲೆ ಅವಳು ಮಾಡದಿಂದ ಆ ಹಳೆ ಜಾರು ಇಳಿಸಿ, ಸೆರಗಿನಲ್ಲಿ ಮುಚ್ಚಿಕೊಂಡು ಬಜಾರಕ್ಕೆ ನಡೆದಳು. ಮುಂದಿನದನ್ನು ನನಗೆ ಅಂಗಡಿಯವನೇ ಹೇಳಿದ. ಯಾವ ಕಂಪನಿ ಬೇಕು ಎಂದು ಅವನು ಕೇಳಿದನಂತೆ. ಅವಳು ತಿರುಗಿ ಕೇಳಿದಳಂತೆ:

"ನಮ್ಮ ಮನಿಯವ್ರು ಯಾವ ಯಾವ ಕಂಪನಿ ಬ್ಯಾಡಂತ ಹೇಳ್ಯಾರ?"

"ಅವ್ರು ಎಲ್ಲಾ ಬ್ಯಾಡ ಅಂತಾರ್ರಿ, ಅಕ್ಕಾರ."

"ಹಂಗಾರ ಈ ಜಾರು ಯಾವದಕ್ಕ ಕೂಡತದ ಅದು ಕೊಡ್ರಿ. ಎರಡು ಕೊಡ್ರಿ."

ಮೂರನೆಯ ಮೋಟರಿನ ಮೇಲೆ ಜಾರು ಕಟಕ್ಕೆಂದು ಕೂತಿತು. ಹತ್ತು ವರ್ಷ ಮೇಲಾಗಿತ್ತು ಅದು ಮೋಟರಿನ ಮುಖ ನೋಡಿ. ಎರಡು ಮಿಕ್ಸರಿನಲ್ಲಿ ಒಂದಕ್ಕೆ ಮದುಮಗಳ ಹೆಸರು ಹೊಡೆಸಿ ಅವಳ ಅತ್ತೆಯ ಮನೆಗೆ ಕಳಿಸಿದಳು. ಇನ್ನೊಂದರ ಮೇಲೆ ತನ್ನ ಹೆಸರು ಹೊಡೆಸಿದಳು. ಕೊಟ್ಟವರು ಯಾರೆಂದು ಹೊಡೆಯುವವನು ಕೇಳಿದಾಗ ಅಲ್ಲಿಯೂ ತನ್ನ ಹೆಸರನ್ನೇ ಹೇಳಿದಳು.

ಸಂಜೆ ನಾನು ಮನೆಗೆ ಬಂದಾಗ ಅಡಿಗೆಮನೆಯಿಂದ ಗರ್ ಎಂಬ ಸಪ್ಪಳ ಕೇಳಿತು. ಮೀಟರಿನ ಚಕ್ರ ಭರಭರ ತಿರುಗುತ್ತಿತ್ತು. ಹೋಗಲಿ, ಕಂಪನಿ ಯಾವುದೆಂದು ನೋಡೋಣ ಎಂದು ಒಳಗೆ ಹೆಜ್ಜೆ ಇಟ್ಟಿದ್ದೆ, ಅಷ್ಟರಲ್ಲಿ ಬಾಗಿಲಿಗೆ ಒಂದು ಟ್ರ್ಯಾಕ್ಟರ್ ಬಂದು ನಿಂತಿತು.

ಇಜೇರಿಯ ಗೌಡರು ಕಳಿಸಿದ್ದು. ಮದುವೆಯ ಗದ್ದಲದಲ್ಲಿ ಸಾಹೇಬರಿಗೆ ಮರ್ಯಾದೆ ಮಾಡಲು ಆಗಲಿಲ್ಲವಂತೆ. ಆಳುಗಳು ಟ್ರ್ಯಾಕ್ಟರಿನಿಂದ ಇಳಿಸಿದ್ದು ಒಂದು ಹೊಸ ಒಳಕಲ್ಲು, ಗುಂಡಿನ ಸಮೇತ. ಅದರ ಮೈಮೇಲೆ ಉಳಿಯಲ್ಲಿ ದಪ್ಪಕ್ಷರದಲ್ಲಿ ಕೊರೆದಿತ್ತು: "ಕಂಪನಿ ಸಾಹೇಬ್ರಿಗೆ, ಇಜೇರಿ ಗೌಡರ ಪ್ರೀತಿಯ ಕಾಣಿಕೆ. ತಾ: ಜೇವರ್ಗಿ."

ನನ್ನ ಹೆಂಡತಿ ಹೊರಗೆ ಬಂದು ಸೆರಗಿಗೆ ಕೈ ಒರೆಸಿಕೊಂಡು ಅದನ್ನು ಎರಡು ಸಲ ಓದಿದಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ನಗು ಕಂಡೆ. ಕಲ್ಲನ್ನು ಒಳಗೆ ತರುವುದು ಬೇಡ, ಪಡಸಾಲೆಯಲ್ಲಿ ಸಾಹೇಬರು ಕೂಡುವ ಜಾಗದ ಮುಂದೆ ಇಡಿ ಎಂದು ಆಳುಗಳಿಗೆ ಹೇಳಿದಳು. ಅವರು ಹೋದ ಮೇಲೆ ನನ್ನ ಕಡೆ ತಿರುಗಿದಳು.

"ಮಿಕ್ಸರಿನ್ಯಾಗ ಶೇಂಗಾ ಹಿಂಡಿ ಚಲೋ ಆಗಂಗಿಲ್ರಿ. ಎಣ್ಣಿ ಬಿಟ್ಟು ಮುದ್ದಿ ಆಗ್ತದ. ಹಿಂಡಿ ಕಲ್ಲಿನ್ಯಾಗೇ ಕುಟ್ಟಬೇಕು. ಕಲ್ಲಿನ ಮ್ಯಾಲ ನಿಮ್ಮ ಹೆಸರು ಅದ, ನಾ ಹ್ಯಾಂಗ ಕೈ ಹಚ್ಚಲಿ?"

ನಮ್ಮಲ್ಲಿ ಇದು ಕಾನೂನಿಗಿಂತ ದೊಡ್ಡದೆಂದು ಮೊದಲೇ ಹೇಳಿದ್ದೇನೆ. ಅಂದಿನಿಂದ ವಾರಕ್ಕೊಮ್ಮೆ ಪಡಸಾಲೆಯಲ್ಲಿ ಕೂತು ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟುವುದು ನನ್ನ ಪಾಲಿಗೆ ಬಂತು. ಮೊದಲ ತಿಂಗಳೇ ನನ್ನ ಮಣಿಕಟ್ಟು ಬಾತುಕೊಂಡಿತು. ಅರಿಶಿಣದ ಬಟ್ಟೆ ಅವಳೇ ಕಟ್ಟಿದಳು. ಆಗ ಅವಳ ಕೈಯನ್ನು ಮೊದಲ ಸಲ ಸರಿಯಾಗಿ ನೋಡಿದೆ, ನನಗೆ ಬಹಳ ನಾಚಿಕೆಯಾಯಿತು.

ನೌಕರಿ ಮುಗಿದ ಮೇಲೂ ಕಂಪನಿ ಕೇಳುವವರು ಬರುವುದು ನಿಲ್ಲಲಿಲ್ಲ. ಒಮ್ಮೆ ಹೀಗೇ ಗಂಡಹೆಂಡತಿ ಬಂದರು. ನಾನು ಬೆವರು ಒರೆಸಿಕೊಳ್ಳುತ್ತ ಕುಟ್ಟುತ್ತಿದ್ದೆ. ಆ ಹೆಣ್ಣುಮಗಳು ನನ್ನನ್ನೂ ಕಲ್ಲನ್ನೂ ಬೆರಗಿನಿಂದ ನೋಡಿ, ಇದು ಯಾವ ಕಂಪನಿಯದು, ಭರೋಸದ್ದೇನು ಎಂದು ನನ್ನ ಹೆಂಡತಿಯನ್ನು ಕೇಳಿದಳು. ನನ್ನ ಹೆಂಡತಿ ಬಾಗಿಲಿಗೆ ಒರಗಿ ನಿಂತು, ಕಲ್ಲಿನ ಕಡೆ ನೋಡದೆ, ನನ್ನ ಕಡೆಯೇ ನೋಡುತ್ತ ಹೇಳಿದಳು:

"ಚಾಲೂ ಆಗಾಕ ಇಪ್ಪತ್ತು ವರ್ಷ ಹಿಡೀತು ತಂಗಿ. ಈಗ ಏನೂ ತಕರಾರಿಲ್ಲ."